ಲೈಂಗಿಕ ಸೋಂಕಿನ ಪರೀಕ್ಷೆ: ಸರ್ಕಾರಿ ಆಸ್ಪತ್ರೆಯೋ, ಖಾಸಗಿ ಲ್ಯಾಬೋ?

ಸಾಗರ, ತೀರ್ಥಹಳ್ಳಿ ಕಡೆಯವರಿಗೆ ಗುರುತಿನವರು ಕಂಡುಬಿಟ್ಟಾರೆಂಬ ಭಯವೇ ದೊಡ್ಡದು. ಹಾಗಾಗಿ ಶಿವಮೊಗ್ಗದ ಖಾಸಗಿ ಲ್ಯಾಬ್ ಹಿಡಿಸುತ್ತದೆ: ಚೀಟಿ, ರಕ್ತ, ದುಡ್ಡು, ಮುಗಿಯಿತು. ಕ್ಲಮೈಡಿಯಾ, ಗೊನೋರಿಯಾ ಎಂಬ ಲೈಂಗಿಕ ಸೋಂಕುಗಳಿಗೆ ಮೂತ್ರದ ಪಿಸಿಆರ್ (ರೋಗಾಣುವಿನ ಜೀನ್ ಹುಡುಕುವ ಪರೀಕ್ಷೆ) ಬೇಕಿದ್ದರೂ ಇಂಥಲ್ಲೇ ವಿಚಾರಿಸಬೇಕು, ದುಬಾರಿ. ವರದಿ ಕೈಗಿಟ್ಟ ಮೇಲೆ ಕೂತು ಮಾತಾಡುವವರು ಕಡಿಮೆ.

ಶಿವಮೊಗ್ಗದ ಮೆಗ್ಗಾನ್‌ನಂಥ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಆಪ್ತಸಮಾಲೋಚನೆ, ಪರೀಕ್ಷೆ ಎರಡೂ ನಡೆಯುವ ಕೇಂದ್ರ) ಎಚ್‌ಐವಿ ಪರೀಕ್ಷೆ ಉಚಿತ. ರಕ್ತ ತೆಗೆಯುವ ಮೊದಲೂ, ಫಲಿತಾಂಶ ಬಂದ ಮೇಲೂ ಆಪ್ತಸಮಾಲೋಚಕರು ಮಾತಾಡುತ್ತಾರೆ. ಗುಟ್ಟು ಕಾಯುವುದು 2017ರ ಎಚ್‌ಐವಿ ಕಾಯ್ದೆಯ ಕಟ್ಟಳೆ. ಸರದಿ ಕಾಯಬೇಕು, ನಿಜ. ಆದರೂ ನನ್ನ ಓಟು ಇದಕ್ಕೇ.

ಎಲ್ಲಿಗೇ ಹೋಗಿ, ಮೊನ್ನೆ ಕಾಂಡೋಮ್ ಇಲ್ಲದೆ ಕೂಡಿದ್ದಕ್ಕೆ ಇಂದಿನ ಎಚ್‌ಐವಿ ನೆಗೆಟಿವ್ ನಂಬಬೇಡಿ. ರ್‍ಯಾಪಿಡ್ ಟೆಸ್ಟಾದರೆ 3 ತಿಂಗಳಿಗೆ ಮತ್ತೊಮ್ಮೆ ಮಾಡಿಸಿ. ಕೂಡಿ 72 ಗಂಟೆ ಮೀರಿಲ್ಲವೆಂದರೆ ಎಚ್‌ಐವಿ ತಡೆಯುವ ಮಾತ್ರೆಗೆ ತಕ್ಷಣ ವೈದ್ಯರನ್ನು ಕಾಣಿ. ಅನುಮಾನವಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಅದೂ ಉಚಿತ.