ಬಾರದ ಮಾಲು, ಕೂಗದ ದರ: ಎಲಿಕ್ಸಿರ್ ಜೊತೆ ಐದು ವರ್ಷ

ಕೋಲಾರ ಎಪಿಎಂಸಿಯ ಒಂದು ಟೊಮೆಟೊ ಮಂಡಿಗೆ ಲೆಕ್ಕದ ತಂತ್ರಾಂಶ ಬರೆದುಕೊಟ್ಟು ಐದು ವರ್ಷವಾಯಿತು. ಬರೆದ ಪ್ರೋಗ್ರಾಮಿಂಗ್ ಭಾಷೆ ಎಲಿಕ್ಸಿರ್. ರೈತರ ಖಾತೆ ಸಂಖ್ಯೆ ಕೀ, ಅವರ ಮಾಲಿನ ಲೆಕ್ಕ ಮೌಲ್ಯ, ಎಲ್ಲವೂ ಮ್ಯಾಪ್‌ಗಳಲ್ಲಿ, ಅಂದರೆ ಪ್ರತಿ ಕೀಗೂ (ಗುರುತಿಗೂ) ಒಂದು ಮೌಲ್ಯ ಜೋಡಿಸಿಡುವ ಪಟ್ಟಿಗಳಲ್ಲಿ. ಅದೇ ರೈತರ ಎರಡನೇ ಲೋಡ್ ಬಂದರೆ ಹಳೆಯದಕ್ಕೆ ಕೂಡಿಸಬೇಕು, ಮೊದಲನೆಯದಾದರೆ ಹೊಸ ಸಾಲು ತೆರೆಯಬೇಕು.

ಇದಕ್ಕೆಂದೇ ಇರುವ 'ಮ್ಯಾಪ್ ಅಪ್‌ಡೇಟ್' ಮೊದಲ ವಾರವೇ ನನ್ನ ಮಾನ ಕಳೆಯಿತು. ಆರಂಭಿಕ ಮೌಲ್ಯವಾಗಿ ಬಾಕ್ಸ್‌ಗಳ ಸಂಖ್ಯೆಯನ್ನೂ, ಬಾಕ್ಸಿಗೆ 15 ಕಿಲೋದಂತೆ ಗುಣಿಸಿ ಕೂಡಿಸುವ ಫಂಕ್ಷನ್ (ಲೆಕ್ಕ ಮಾಡುವ ತುಣುಕು) ಒಂದನ್ನೂ ಕೊಟ್ಟಿದ್ದೆ. ಕೀ ಇಲ್ಲದಿದ್ದಾಗ ಆ ಫಂಕ್ಷನ್ ಓಡುವುದೇ ಇಲ್ಲ, ಆರಂಭಿಕ ಮೌಲ್ಯ ಹಾಗೆಯೇ ಕೂರುತ್ತದೆ. 40 ಬಾಕ್ಸ್ ತಂದವರ ಹೆಸರಿನಲ್ಲಿ 600 ಕಿಲೋ ಬದಲು 40 ಕಿಲೋ! ದಾಖಲೆಯಲ್ಲಿ ಸ್ಪಷ್ಟವಾಗಿಯೇ ಬರೆದಿದ್ದಾರೆ. ಓದದ ತಪ್ಪು ನನ್ನದು.

ಎರಡನೆಯದನ್ನು ಹಿಡಿದವರು ಮಂಡಿಯ ಗುಮಾಸ್ತರು. "ಮಾಲೇ ಬಂದಿಲ್ಲವೋ, ಹರಾಜು ಆಗಿಲ್ಲವೋ? ಎರಡಕ್ಕೂ ಖಾಲಿ ತೋರಿಸುತ್ತಿದೆಯಲ್ಲ ಸಾರ್" ಎಂದರು. ದರ ಕೂಗುವವರೆಗೆ ನಾನು 'ನಿಲ್' (ಏನೂ ಇಲ್ಲ ಎಂಬ ಮೌಲ್ಯ) ಇಡುತ್ತಿದ್ದೆ. ಮೌಲ್ಯ ಓದುವ 'ಮ್ಯಾಪ್ ಗೆಟ್' ಕೀ ಇಲ್ಲದಿದ್ದರೂ ನಿಲ್ಲನ್ನೇ ಕೊಡುತ್ತದೆ. 'ಮ್ಯಾಪ್ ಫೆಚ್'ಗೆ ಬದಲಾಯಿಸಿದೆ. ಕೀ ಇದ್ದರೆ 'ಓಕೆ' ಜೊತೆಗೆ ಮೌಲ್ಯ, ಇಲ್ಲದಿದ್ದರೆ 'ಎರರ್'. ಸ್ಥಿತಿಗೊಂದು ದಾರಿ ಆರಿಸುವ 'ಕೇಸ್'ನಲ್ಲಿ ಮೂರು ಸಾಲು ಬರೆದರೆ ಮಾಲು ಬಾರದ್ದು, ದರ ಕೂಗದ್ದು, ದರ ಬಂದದ್ದು ಎಂಬ ಮೂರು ಸ್ಥಿತಿಗಳೂ ಬೇರೆಯಾಗುತ್ತವೆ. ಈ ಭಾಷೆಯನ್ನು ನಾನು ಬಿಡದಿರಲು ಇದೊಂದೇ ಸಾಕು.

ಹೊಸ ಹುಡುಗರು ಎಡವುವುದು ಇನ್ನೊಂದು ಕಡೆ. ಮುಂಗಡ ಪಡೆದವರಿಗೆ ಮಾತ್ರ ಮುಂಗಡದ ಕೀ ಸೇರಿಸಲು 'ಇಫ್' (ಷರತ್ತು) ಒಳಗೆ 'ಪುಟ್' (ಸೇರಿಸುವ ಫಂಕ್ಷನ್) ಮಾಡುತ್ತಾರೆ. ಹೊರಗೆ ಬಂದರೆ ಹಳೆಯ ಮ್ಯಾಪ್ ಇದ್ದಂತೆಯೇ ಇರುತ್ತದೆ. ಇಲ್ಲಿ ಮ್ಯಾಪ್ ಬದಲಾಗುವುದಿಲ್ಲ, ಹೊಸದು ಹುಟ್ಟುತ್ತದೆ. ಇಫ್‌ನ ಫಲಿತಾಂಶವನ್ನೇ ಹಿಡಿದುಕೊಳ್ಳಬೇಕು, ಷರತ್ತು ಸಲ್ಲದಾಗ ಓಡುವ 'ಎಲ್ಸ್'ನಲ್ಲಿ ಹಳೆಯ ಮ್ಯಾಪನ್ನು ಮರಳಿಸಬೇಕು. ಎಲ್ಸ್ ಮರೆತರೆ ಮುಂಗಡವಿಲ್ಲದವರ ಇಡೀ ಲೆಕ್ಕವೇ ನಿಲ್ ಆಗಿಬಿಡುತ್ತದೆ.

ಕೀ ಇಲ್ಲದಿದ್ದರೆ ಮಾತ್ರ ಸೇರಿಸುವ 'ಪುಟ್ ನ್ಯೂ' ಇದೆ, ಇದ್ದರೆ ಮಾತ್ರ ಬದಲಿಸುವ 'ರಿಪ್ಲೇಸ್' ಇದೆ. ಅವೆರಡೂ ನೋಡುವುದು ಕೀ ಇದೆಯೇ ಎಂಬುದನ್ನು ಮಾತ್ರ. ನನ್ನದೇ ಷರತ್ತು ಕೊಟ್ಟು ಸೇರಿಸುವ ಫಂಕ್ಷನ್ ಮ್ಯಾಪ್ ಮಾಡ್ಯೂಲ್‌ನಲ್ಲಿ (ಮ್ಯಾಪ್‌ಗೆಂದು ಭಾಷೆಯೇ ಕೊಡುವ ಫಂಕ್ಷನ್‌ಗಳ ಕಟ್ಟಿನಲ್ಲಿ) ಇಲ್ಲ. ಹಾಗಾಗಿ 'ಮೇಬಿ ಪುಟ್' ಎಂಬ ಎರಡು ಸಾಲಿನ ಫಂಕ್ಷನ್ನನ್ನು ಪ್ರತಿ ಯೋಜನೆಗೂ ನಾನೇ ಹೊತ್ತು ತಿರುಗುತ್ತಿದ್ದೇನೆ. ಈ ಭಾಷೆಗೆ ಐದರಲ್ಲಿ ನಾಲ್ಕು ಅಂಕ. ಉಳಿದ ಒಂದನ್ನು ಕಳೆದದ್ದು ಈ ಹೊರೆಗೆ.