ಟಂಬ್ಲರ್ ತಗೊಳ್ಳೋದಾ, ಕ್ಯಾಬ್ ಮೆಷಿನ್ನಾ?

ಕಲ್ಲು ಪಾಲಿಶ್ ಮಾಡಿ ಒಡವೆ ಮಾಡ್ಬೇಕು ಅನ್ನೋರಿಗೆ ಮೊದಲು ಬರೋ ಪ್ರಶ್ನೆ ಇದೇ. ರೋಟರಿ ಟಂಬ್ಲರ್ ಅಂದ್ರೆ ತಿರುಗೋ ಡಬ್ಬಿ, ಕಲ್ಲು, ನೀರು, ಗ್ರಿಟ್ (ಕಲ್ಲನ್ನ ಉಜ್ಜೋ ಗಟ್ಟಿ ಪುಡಿ) ಹಾಕಿ ಬಿಟ್ರೆ ಹಗಲೂ ರಾತ್ರಿ ಅದರ ಪಾಡಿಗೆ ಉಜ್ಜುತ್ತೆ, ಆದ್ರೆ ಒರಟು ಗ್ರಿಟ್‌ನಿಂದ ಪಾಲಿಶ್ ತನಕ ನಾಲ್ಕು ಹಂತ, ಒಂದೊಂದಕ್ಕೆ ಸುಮಾರು ಒಂದು ವಾರ, ಅಂದ್ರೆ ತಿಂಗಳು ಕಾಯ್ಬೇಕು. ಪ್ರತಿ ಹಂತಕ್ಕೂ ಚೆನ್ನಾಗಿ ತೊಳೀಲೇಬೇಕು, ಒರಟು ಗ್ರಿಟ್ ಒಂದು ಕಣ ಉಳಿದ್ರೂ ಕಲ್ಲಿಗೆ ಗೀರು ಬೀಳುತ್ತೆ. ಆ ಕೆಸರು ಸಿಂಕಿಗೆ ಮಾತ್ರ ಸುರೀಬೇಡಿ, ಪೈಪಲ್ಲಿ ಗಟ್ಟಿಯಾಗಿ ಕೂತ್ಬಿಡುತ್ತೆ. ಆಕಾರ ಬಂದಂಗೆ ಬರುತ್ತೆ, ವೈರ್ ಸುತ್ತಿ ಪೆಂಡೆಂಟ್ ಮಾಡೋಕೆ ಸಾಕು.

ಉಂಗುರಕ್ಕೆ ಕೂರೋ ಗುಮ್ಮಟದಂಥ ಕಲ್ಲು (ಕ್ಯಾಬೊಶಾನ್) ಬೇಕಂದ್ರೆ ಕ್ಯಾಬ್ ಮೆಷಿನ್ನೇ, ಅಂದ್ರೆ ಕಲ್ಲು ಉಜ್ಜೋ ಚಕ್ರಗಳಿರೋ ಯಂತ್ರ. ಕಲ್ಲನ್ನ ಕಡ್ಡಿಗೆ ಅರಗಲ್ಲಿ ಅಂಟಿಸಿ 80ರ ಒರಟು ಚಕ್ರದಿಂದ 3000ದ ನಯ ಚಕ್ರದ ತನಕ ಹೋಗೋದು (ಗ್ರಿಟ್ ನಂಬರ್ ಹೆಚ್ಚಿದಷ್ಟೂ ನಯ), ಕೈ ಪಳಗಿದ್ರೆ ಒಂದು ಸಂಜೇಲಿ ಒಂದು ಕಲ್ಲು ಮುಗಿಯುತ್ತೆ. ದುಡ್ಡು ಜಾಸ್ತಿ. ನೀರು ಸದಾ ಬೀಳ್ತಿರ್ಬೇಕು, ಮಾಸ್ಕ್ ಬೇಕೇ ಬೇಕು, ಸಿಲಿಕಾ ಧೂಳು ಶ್ವಾಸಕೋಶ ಹಾಳು ಮಾಡುತ್ತೆ.

ಕೃಷ್ಣಾ, ಭೀಮಾ ದಂಡೇಲಿ ಸಿಗೋ ಅಗೇಟ್ (ಪಟ್ಟೆ ಪಟ್ಟೆ ಇರೋ ಗಟ್ಟಿ ಕಲ್ಲು) ಎರಡಕ್ಕೂ ಒಗ್ಗುತ್ತೆ. ಪಟ್ಟೆ ಚೆನ್ನಾಗಿರೋದನ್ನ ನಾನಂತೂ ಟಂಬ್ಲರ್‌ಗೆ ಹಾಕಲ್ಲ, ಆ ಪಟ್ಟೆ ಸರಿಯಾಗಿ ನಡುವೆ ಬರೋ ಹಾಗೆ ಕೈಯಲ್ಲಿ ಹಿಡಿದು ತಿರುಗಿಸೋ ಖುಷಿ ಡಬ್ಬಿ ಕೊಡಲ್ಲ.