ಸೆಪ್ಟೆಂಬರಿನಲ್ಲಿ ಹೆನ್ರಿ ಕೋ ಪಾರ್ಕಿಗೆ ಹೊರಟಿದ್ದೀರಾ? ನಕಾಶೆಯ ತೊರೆಯನ್ನು ನಂಬಬೇಡಿ

ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ರಜೆಗೆ ಕ್ಯಾಲಿಫೋರ್ನಿಯಾದ ಹೆನ್ರಿ ಕೋ ಸ್ಟೇಟ್ ಪಾರ್ಕಿನ ಒಳಗೆ ಟೆಂಟ್ ಹಾಕುವ ಯೋಚನೆಯಲ್ಲಿರುವ ಬೇ ಏರಿಯಾ ಕನ್ನಡಿಗರು ದಯವಿಟ್ಟು ಇದನ್ನು ಓದಿ. ಕಾರು ನಿಲ್ಲಿಸಿ ಪಕ್ಕದಲ್ಲೇ ಮಲಗುವ ಕ್ಯಾಂಪ್‌ಗ್ರೌಂಡಿನ ಮಾತಲ್ಲ ಇದು. ಸುಮಾರು 87,000 ಎಕರೆಯ ಆ ಕಾಡಿನಲ್ಲಿ ಗಂಟೆಗಟ್ಟಲೆ ನಡೆದು ಸೇರುವ ಒಳಗಿನ ತಾಣಗಳಲ್ಲಿ ನಲ್ಲಿ ಇರುವುದಿಲ್ಲ. ತೊರೆ, ಒರತೆ, ಕೆರೆ ಅಷ್ಟೇ. ಬೇಸಿಗೆ ಮುಗಿಯುವ ಹೊತ್ತಿಗೆ ಅವುಗಳಲ್ಲಿ ಎಷ್ಟೋ ಒಣಗಿರುತ್ತವೆ.

ನಾವು ಹೋಗಿದ್ದು ಅಂಥದ್ದೇ ಒಂದು ತೊರೆಬದಿಯ ತಾಣ ಪಾವರ್ಟಿ ಫ್ಲಾಟ್‌ಗೆ. ನಮ್ಮನ್ನು ಹೊರಡಿಸಿದವರು ಏಪ್ರಿಲ್‌ನಲ್ಲಿ ಅಲ್ಲಿಗೆ ಹೋಗಿಬಂದವರು. ಮೊಣಕಾಲುದ್ದ ನೀರಿನಲ್ಲಿ ನಿಂತ ಫೋಟೋ ಗ್ರೂಪಿಗೆ ಹಾಕಿ, "ನೀರು ಯಾಕ್ರೀ ಹೊರ್ತೀರಾ, ಟೆಂಟ್ ಪಕ್ಕದಲ್ಲೇ ಹೊಳೆ ಇದೆ, ಫಿಲ್ಟರ್ ತನ್ನಿ ಸಾಕು" ಅಂದಿದ್ದರು. ಮಾರ್ಗನ್ ಹಿಲ್ ಊರಿನ ಕಡೆಯ ಪಾರ್ಕ್ ಹೆಡ್‌ಕ್ವಾರ್ಟರ್ಸಿನಿಂದ ಅಲ್ಲಿಗೆ ಸಾವಿರ ಅಡಿಗೂ ಮೀರಿದ ಇಳಿಜಾರು. ಇಳಿಯುವಷ್ಟರಲ್ಲೇ ಬಾಟಲಿಗಳು ಮುಕ್ಕಾಲು ಖಾಲಿ. ಕೆಳಗೆ ನೋಡಿದರೆ ಬಿಳಿಚಿಕೊಂಡ ಉರುಟು ಕಲ್ಲುಗಳು. ಪಾತ್ರದುದ್ದಕ್ಕೂ ಹುಡುಕಿದ ಮೇಲೆ ಬಂಡೆಯ ಬುಡದಲ್ಲಿ ಒಂದು ಹೊಂಡ ಸಿಕ್ಕಿತು, ಅದರ ಮೇಲೆ ಬಣ್ಣ ಚೆಲ್ಲಿದ ಹಾಗೆ ಹಸಿರು ಪಾಚಿ.

"ಫಿಲ್ಟರ್ ಇದೆಯಲ್ಲ" ಎಂದು ಒಬ್ಬರು ಬಾಟಲಿ ಅದ್ದಲು ಹೊರಟೇಬಿಟ್ಟರು. ನಾವು ಒಯ್ಯುವ ಪುಟ್ಟ ಫಿಲ್ಟರುಗಳು ಬ್ಯಾಕ್ಟೀರಿಯಾವನ್ನೂ ಭೇದಿ ತರುವ ಜಿಯಾರ್ಡಿಯಾ ಎಂಬ ಪರಾವಲಂಬಿಯನ್ನೂ ತಡೆಯುತ್ತವೆ, ಸರಿ. ಆದರೆ ಬಿಸಿಲಿಗೆ ನಿಂತ ನೀರಿನಲ್ಲಿ ಬೆಳೆಯುವ ನೀಲಿ-ಹಸಿರು ಪಾಚಿಯ ವಿಷ ನೀರಿನಲ್ಲೇ ಕರಗಿರುತ್ತದೆ. ಅದಕ್ಕೆ ಈ ಫಿಲ್ಟರನ್ನು ನೆಚ್ಚುವಂತಿಲ್ಲ, ಕುದಿಸಿದರೂ ಹೋಗುವುದಿಲ್ಲ. ಎಲ್ಲ ಪಾಚಿಯೂ ವಿಷವಲ್ಲ, ನಿಜ. ಯಾವುದು ವಿಷ, ಯಾವುದಲ್ಲ ಎಂದು ಕಣ್ಣಿನಿಂದ ನೋಡಿ ಹೇಳಲು ನಮ್ಮಂಥವರಿಗೆ ಆಗದು.

ಟೆಂಟ್ ಬಿಚ್ಚಲೇ ಇಲ್ಲ. ಬಿಸಿಲು ಇಳಿದ ಮೇಲೆ ಹಣೆದೀಪ ಕಟ್ಟಿಕೊಂಡು ಅದೇ ಏರನ್ನು ಹತ್ತಿದೆವು. ಉಳಿದ ನೀರನ್ನು ಮುಚ್ಚಳದಲ್ಲಿ ಅಳೆದು ಕುಡಿದೆವು. ದಾರಿಯಲ್ಲಿ ಒಬ್ಬರಿಗೆ ವಾಂತಿ, ಇನ್ನೊಬ್ಬರಿಗೆ ಮೀನಖಂಡ ಹಿಡಿದುಕೊಂಡು ಹೆಜ್ಜೆ ಎತ್ತಿಡಲಾಗದ ಸ್ಥಿತಿ. ಮೊಬೈಲಿಗೆ ಸಿಗ್ನಲ್ ಇಲ್ಲ. ಏಪ್ರಿಲ್ ಫೋಟೋದವರು ಆಮೇಲೆ "ಈ ವರ್ಷ ಹೀಗಾಯ್ತು" ಎಂದು ತೇಲಿಸಿಬಿಟ್ಟರು. ಈ ವರ್ಷದ್ದಲ್ಲ ಸ್ವಾಮೀ, ಸೆಪ್ಟೆಂಬರಿನ ಕಥೆಯೇ ಅದು.

ನಮ್ಮ ತಲೆಯಲ್ಲಿರುವುದು ಊರಿನ ಕ್ಯಾಲೆಂಡರು. ಗೌರಿ-ಗಣೇಶದ ಹೊತ್ತಿಗೆ ಮಲೆನಾಡಿನ ಹಳ್ಳಗಳೆಲ್ಲ ತುಂಬಿರುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಮಳೆ ಬೀಳುವುದು ಹೆಚ್ಚಾಗಿ ನವೆಂಬರಿನಿಂದ ಏಪ್ರಿಲ್ ತನಕ, ಆಮೇಲೆ ತಿಂಗಳುಗಟ್ಟಲೆ ಹನಿಯೂ ಇಲ್ಲ. ಯೊಸೆಮಿಟಿಯ ಹಾಗೆ ಬೇಸಿಗೆಗೆ ಕರಗಿ ಹರಿಯುವ ಹಿಮರಾಶಿಯೂ ಪಾರ್ಕ್ ಇರುವ ಈ ಡಯಾಬ್ಲೊ ಬೆಟ್ಟಸಾಲಿನಲ್ಲಿಲ್ಲ. ಸ್ಯಾನ್ ಹೋಸೆಯ ಸೇತುವೆಯ ಕೆಳಗೆ, ಈ ಬೆಟ್ಟಗಳಿಂದಲೇ ಇಳಿದುಬರುವ ಕಯೋಟಿ ಕ್ರೀಕಿನಲ್ಲಿ ನೀರು ಕಂಡು ಮೇಲೂ ಇರಬೇಕು ಎಂದುಕೊಳ್ಳಬೇಡಿ. ನಡುವೆ ಕಯೋಟಿ ಮತ್ತು ಆಂಡರ್ಸನ್ ಎಂಬ ಎರಡು ಅಣೆಕಟ್ಟುಗಳಿವೆ, ಹಾಗಾಗಿ ಕೆಳಗಿನ ನೀರು ಮೇಲಿನ ಸ್ಥಿತಿಯನ್ನು ಹೇಳುವುದಿಲ್ಲ.

ಒಳಗೆ ತಂಗಲು ಪಾರ್ಕಿನ ಪರ್ಮಿಟ್ ಸಿಕ್ಕಿತೆಂದರೆ ನೀರಿದೆ ಎಂದರ್ಥವಲ್ಲ. ಹೊರಡುವ ಮುನ್ನ ವಿಸಿಟರ್ ಸೆಂಟರಿನಲ್ಲಿ ತಾಣದ ಹೆಸರು ಹೇಳಿಯೇ ಕೇಳಿ: ಅಲ್ಲಿ ನೀರನ್ನು ಕಣ್ಣಾರೆ ಕಂಡವರು ಯಾರು, ಯಾವತ್ತು? ಉತ್ತರ ಹಳೆಯದಾಗಿದ್ದರೆ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರಾದರೂ ಹೊರಬೇಕು. ಅಂದರೆ ನಾಲ್ಕು ಕಿಲೋ, ಎರಡು ದಿನಕ್ಕೆ ಎಂಟು. ಅಷ್ಟು ಹೊರಲಾಗದಿದ್ದರೆ ಮಾರ್ಚ್‌ವರೆಗೆ ಕಾಯಿರಿ, ಬೆಟ್ಟವೆಲ್ಲ ಹಸಿರಾಗಿ ಹೂವೂ ಇರುತ್ತದೆ. ಜೋರು ಮಳೆಯ ಮರುದಿನ ಮಾತ್ರ ಬೇಡ, ಆಗ ಇದೇ ತೊರೆ ದಾಟಲು ಬಿಡುವುದಿಲ್ಲ.